ಕರಿಚೇಳಿನ ಸಹಿ

ಹಳೆಯ ಪತ್ತೇದಾರಿ ಮಾಸಪತ್ರಿಕೆಗಳನ್ನು ರದ್ದಿ ಅಂಗಡಿಗಳಲ್ಲಿ ಹುಡುಕಿ, ಸ್ಕ್ಯಾನ್ ಮಾಡಿ, ಅಂತರ್ಜಾಲದಲ್ಲಿ ಎಲ್ಲರಿಗೂ ಹಂಚುವುದು ನನ್ನ ಗೀಳು. ‘ಕರಿಚೇಳು’ ಎಂಬ ಗುಪ್ತನಾಮದಲ್ಲಿ ಯಾರೋ ಬರೆದಿದ್ದ ಹನ್ನೊಂದು ಕಥೆಗಳನ್ನು ಹಾಕಿದ ವಾರಕ್ಕೆ ಒಬ್ಬ ಮುದುಕರ ಫೋನ್ ಬಂತು.

“ಅವನ್ನೆಲ್ಲ ತೆಗೀಬೇಕಮ್ಮ. ಓದಿದೋರು ಕರಿಚೇಳು ಯಾರು ಅಂತ ಹುಡುಕ್ತಾ ಇದ್ದಾರೆ. ಒಬ್ಬ ನಮ್ಮೂರಿನ ಹೆಸರನ್ನೂ ಹಾಕಿದ್ದಾನೆ.”

“ಹಾಕಲಿ ಬಿಡಿ ಸಾರ್. ಅದರಿಂದ ನಿಮಗೇನು?”

ಅವರು ದನಿ ತಗ್ಗಿಸಿದರು.

“ಬರೆದೋನು ನಾನೇ ಕಣಮ್ಮ. ಹೆಡ್‌ಮಾಸ್ಟರ್ ಆಗಿದ್ದೋನು. ಬರೋ ಭಾನುವಾರ ಹಳೇ ವಿದ್ಯಾರ್ಥಿಗಳು ಸನ್ಮಾನ ಇಟ್ಕೊಂಡಿದ್ದಾರೆ. ಆ ಕೊಲೆ, ಆ ಕ್ಯಾಬರೆ ಎಲ್ಲ ನಂದೇ ಅಂತ ಗೊತ್ತಾದ್ರೆ ಮಾನ ಉಳಿಯುತ್ತಾ?”

“ಹಾಗಂತ ಬರೆದು, ಸಹಿ ಹಾಕಿ ಕಳಿಸಿ ಸಾರ್. ಲೇಖಕರೇ ಕೇಳಿದ್ರೆ ತೆಗೀತೀನಿ.”

ಮರುದಿನವೇ ಕಾಗದದ ಫೋಟೊ ಬಂತು. ಹನ್ನೊಂದು ಕಥೆಗಳ ಹೆಸರೂ ಇತ್ತು, ದುಂಡು ಅಕ್ಷರದ ಸಹಿಯೂ ಇತ್ತು. ನಿವೃತ್ತರಾದರೂ ಕೈಯ ಅಭ್ಯಾಸ ಬಿಟ್ಟಿರಲಿಲ್ಲ. ಸಹಿಯ ಕೆಳಗೆ ಶಾಲೆಯ ಹೆಸರಿದ್ದ ‘ಮುಖ್ಯೋಪಾಧ್ಯಾಯರು’ ಎಂಬ ರಬ್ಬರ್ ಸ್ಟಾಂಪನ್ನೂ ಒತ್ತಿದ್ದರು.

ನಾನು ಮಾತಿಗೆ ತಪ್ಪಲಿಲ್ಲ. ಹನ್ನೊಂದು ಕಥೆಗಳನ್ನೂ ತೆಗೆದೆ. ಅವು ಇದ್ದ ಜಾಗದಲ್ಲಿ ಆ ಕಾಗದವನ್ನು ಹಾಕಿದೆ.

ಸಂಜೆಯೊಳಗೆ ಮತ್ತೆ ಫೋನ್ ಬಂತು.

“ಯಾರೇ ನೀನು? ನಾನು ನಿನಗೇನೇ ಮಾಡಿದ್ದೆ?”

“‘ಇವನೇ ಕರಿಚೇಳು’ ಅಂತ ಹೇಳಿ ನೀವು ಕೆಲಸದಿಂದ ತೆಗೆಸಿದ್ರಲ್ಲ ಸಾರ್, ಆ ಡ್ರಾಯಿಂಗ್ ಮೇಷ್ಟ್ರ ಮಗಳು.”