ಬಿಡುಗಡೆಗೆ ಒಂದು ಸ್ವಂತ ವಾಕ್ಯ

ಹೊಸ ಜೀನ್ಸ್ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮೊದಲು ನೆನಪಾಗುವುದು ಅಕ್ಕನ ಮೇಲಿದ್ದ ಹೊಟ್ಟೆಕಿಚ್ಚು.

ನಾನಾಗ ಏಳನೆಯ ತರಗತಿ. ಹಿಂದಿನ ವರ್ಷ ಅದೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ಅಕ್ಕ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಶೆಡ್ಡಿಗೆ ಸೇರಿದ್ದಳು. ಅವಳಿಗೆ ಮಗ್ಗಿಯಿಲ್ಲ, ಬೆತ್ತದ ಏಟಿಲ್ಲ. ಹೊಸ ಟಿಫಿನ್ ಡಬ್ಬಿ ಬೇರೆ. ಬೆಣ್ಣೆಯೂ ಅವಳ ರೊಟ್ಟಿಗೇ.

"ದುಡಿಯೋ ಹುಡುಗಿ, ತಿನ್ಲಿ ಬಿಡು," ಎನ್ನುತ್ತಿದ್ದಳು ಅವ್ವ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಮನೆಗೆ ತಂದಿದ್ದ ಪ್ಯಾಂಟುಗಳ ರಾಶಿಯ ನಡುವೆ ಕೂತು, ಹೊಲಿಗೆಯಲ್ಲಿ ಉಳಿದ ದಾರಗಳನ್ನು ಕತ್ತರಿಸುತ್ತಿದ್ದಳು. 'ಬಿಡುಗಡೆ' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸುವುದು ನನ್ನ ಹೋಂವರ್ಕ್. ಅವಳಿಗೆ ಕೇಳಲೆಂದೇ ಗಟ್ಟಿಯಾಗಿ ಓದಿದೆ:

"ನಮ್ಮ ಅಕ್ಕನಿಗೆ ಶಾಲೆಯಿಂದ ಬಿಡುಗಡೆಯಾಯಿತು."

ಅವ್ವ ನಕ್ಕಳು. "ಖರೇನ ಬರ್ದೀ ನೋಡು!"

ಅಕ್ಕ ನಗಲಿಲ್ಲ. ಕತ್ತರಿ ಕೆಳಗಿಟ್ಟು, ಬಣ್ಣ ಹತ್ತಿ ನೀಲಿಯಾದ ಬೆರಳುಗಳನ್ನು ಲಂಗಕ್ಕೆ ಒರೆಸಿ ಒರೆಸಿ, ನನ್ನ ಪಾಠಪುಸ್ತಕವನ್ನು ಅಂಚಿನಲ್ಲಷ್ಟೇ ಹಿಡಿದು ಎಳೆದುಕೊಂಡಳು. ಹಾಳೆ ಮಗುಚುತ್ತ ಒಂದು ಚಿತ್ರವಿದ್ದ ಪುಟದಲ್ಲಿ ನಿಲ್ಲಿಸಿದಳು.

"ನಾ ಸಾಲಿ ಬಿಟ್ಟಾಗ ಈ ಕತಿ ಅರ್ಧ ಆಗಿತ್ತು," ಎಂದಳು. "ಆಮ್ಯಾಲ ಏನಾತು?"