ರಾಜನ ಅಂಗೈ

ಮೇಣದ ರಾಜನ ಮುಂದಿನಿಂದ ಊಟದ ಮನೆಯ ಸೇವಕ ತಿಬೋ ಹಾವುಮೀನಿನ ತಟ್ಟೆ ತೆಗೆದ. ಯಾರೂ ಮುಟ್ಟಿರಲಿಲ್ಲ. ಆದರೂ ಎಂದಿನಂತೆ ಬಗ್ಗಿ, ಎರಡೂ ಕೈಯಲ್ಲಿ ತೆಗೆದ. ನಿಜವಾದ ರಾಜ ಪಕ್ಕದ ಪ್ರಾರ್ಥನಾಮಂದಿರದಲ್ಲಿ ಸೀಸದ ಪೆಟ್ಟಿಗೆಯೊಳಗಿದ್ದ. ಅವನನ್ನು ಹೂಳುವವರೆಗೆ ಊಟಕ್ಕೆ ಕೂರುವವನು ಈ ಮೇಣದವನು. ಅದೇ ಮುಖ, ಅದೇ ನೀಲಿ ನಿಲುವಂಗಿ, ಕೈ ತೊಳೆಸಲು ಅನುಕೂಲವಾಗಲೆಂದು ಮೇಜಿನ ಮೇಲೆ ತೆರೆದಿಟ್ಟ ಬಲ ಅಂಗೈ. ಅಲ್ಲಿಯವರೆಗೆ ರಾಜ ಸತ್ತ ಎಂದು ಈ ಊಟದ ಮನೆಯಲ್ಲಿ ಯಾರೂ ಬಾಯಿಬಿಡುವಂತಿಲ್ಲ.

ಉಳಿದ ಊಟ ಬಡವರಿಗೆ. ದೊರೆಗಳೆಲ್ಲ ಎದ್ದುಹೋದ ಮೇಲೆ ಕಾವಲಿನ ರೆನೋ ಬಾಗಿಲು ತೆರೆದ. ಸೆರಗೊಡ್ಡಿ ನಿಂತವರ ನಡುವಿನಿಂದ ಒಬ್ಬಳು, ಹೆಗಲ ಮೇಲೆ ಮಗು ಹೊತ್ತವಳು, ನೇರ ಒಳಗೆ ನಡೆದಳು.

"ಏಯ್, ರೊಟ್ಟಿ ಈ ಕಡೆ! ಅತ್ಲಾಗೆಲ್ಲಿಗೆ ಹೊರಟೆ, ಮಹಾರಾಣಿ ಥರ?"

"ರೊಟ್ಟಿ ಬೇಡ. ರಾಜರ ಹತ್ರ ಕೆಲಸ ಇದೆ."

"ಹೌದಾ? ಅವರಿಗೂ ನಿನ್ನ ಹತ್ರ ಇದ್ಯಂತಾ?" ರೆನೋ ನಕ್ಕ. ಬಾಗಿಲಲ್ಲಿದ್ದವರೂ ನಕ್ಕರು.

ಅವಳು ಮಾರೊಟ್, ಮಾರ್ನ್ ನದಿಯ ಅಂಬಿಗನೊಬ್ಬನ ಹೆಂಡತಿ. ಮಗಳ ಕೊರಳ ಬಟ್ಟೆ ಬಿಚ್ಚಿದಳು. ದವಡೆಯ ಕೆಳಗೆ ಅಕ್ರೋಟಿನಷ್ಟು ದಪ್ಪದ ಗಂಟು, ಕೆಂಪಗೆ, ಜ್ವರಕ್ಕೆ ಸುಡುತ್ತ. ರಾಜ ಮುಟ್ಟಿದರೆ ಹೋಗುವ ಗಂಟು ಅದು. ಆ ದೇಶದಲ್ಲಿ ಅದು ಎಲ್ಲರಿಗೂ ಗೊತ್ತು.

"ನಮ್ಮ ಪಕ್ಕದ ಮನೆಯವಳಿಗೆ ಹೋಯ್ತು, ಅಣ್ಣ. ಯುದ್ಧದ ವರ್ಷ ಇವರ ಕುದುರೆಗೆ ಅಡ್ಡ ನಿಂತಿದ್ಲು."

ತಿಬೋಗೆ ಆ ದಿನ ನೆನಪಿತ್ತು. ಸೋತು ಬರುತ್ತಿದ್ದ ರಾಜ ಕೆಸರಿನಲ್ಲಿ ಇಳಿದು ಒಬ್ಬೊಬ್ಬರನ್ನಾಗಿ ಮುಟ್ಟಿದ್ದ. ಆಮೇಲೆ ತಿಬೋ ಹಿಡಿದ ಬೋಗುಣಿಯಲ್ಲಿ ಕೈ ಅದ್ದಿಕೊಂಡು, ತೆಗೆಯುವುದನ್ನೇ ಮರೆತು ನಿಂತಿದ್ದ. ಅವನ ಆಳ್ವಿಕೆಯಲ್ಲಿ ಊರುಗಳು ಕೈಬಿಟ್ಟುಹೋಗಿದ್ದವು, ನಾಣ್ಯದ ಬೆಳ್ಳಿ ತೆಳ್ಳಗಾಗಿತ್ತು. ಜನ ಮಾತ್ರ ಆ ಕೈಯನ್ನು ನೆನಪಿಟ್ಟುಕೊಂಡಿದ್ದರು.

"ತಾಯಿ," ತಿಬೋ ದನಿ ತಗ್ಗಿಸಿದ. "ರಾಜರ ತಮ್ಮನವರು ರ‍್ಯಾಂಸ್‌ಗೆ ಹೋಗಿ ಪಟ್ಟದ ಪವಿತ್ರ ಎಣ್ಣೆ ಹಚ್ಚಿಸ್ಕೊಂಡು ಬರ್ಲಿ. ಅಲ್ಲೀತನಕ ಅವರ ಕೈಯೂ ನಮ್ಮ ಕೈ ಥರಾನೇ. ಆಮೇಲೆ ಬನ್ನಿ."

"ಯಾವಾಗ ಬರ್ತಾರೆ?"

"ಹಿಮ ಬೀಳೋ ಹೊತ್ತಿಗೆ."

"ಅಷ್ಟು ದಿನ ಇವಳು ಇರಲ್ಲ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ತಮ್ಮನವರು ಯಾಕೆ? ಇವರು ಇಲ್ವಾ? ಇಲ್ಲ ಅಂತ ಒಂದು ಮಾತು ಹೇಳಿ, ಹೋಗ್ತೀನಿ."

ರೆನೋನ ನಗು ನಿಂತಿತು. ತಿಬೋ ಬಾಯಿ ತೆರೆದ. ಮೇಣದ ಕಣ್ಣುಗಳು ಕಿಟಕಿಯ ಕಡೆ ನೋಡುತ್ತಿದ್ದವು. ಹೇಳಬೇಕಾದ ಮಾತು ಆ ಕೋಣೆಯಲ್ಲಿ ಹೇಳುವಂಥದ್ದಲ್ಲ.

"ಇದ್ದಾರೆ," ಎಂದ.

ರೆನೋ ಉಳಿದವರನ್ನು ಹೊರಗಟ್ಟಿ, ಬಾಗಿಲೆಳೆದುಕೊಂಡು ಹೊರಗೇ ನಿಂತ. ಮಾರೊಟ್ ಮಗಳನ್ನು ಮೇಜಿನ ಬಳಿ ಇಳಿಸಿದಳು.

"ಅಮ್ಮಾ, ರಾಜ ಯಾಕೆ ಮಾತಾಡಲ್ಲ?"

"ಊಟ ಆಗಿದೆ. ನಿದ್ದೆ ಮಾಡ್ತಿದ್ದಾರೆ, ಪೆರೆಟ್."

"ಕಣ್ಣು ಬಿಟ್ಕೊಂಡಾ?"

"ರಾಜರು ಹಾಗೇ."

ಪೆರೆಟ್ ಬಗ್ಗಿ ಆ ಅಂಗೈಯಲ್ಲಿ ಕುತ್ತಿಗೆ ಇಟ್ಟಳು. "ತಣ್ಣಗಿದೆ," ಎಂದು ನಕ್ಕಳು.

"ಮುಟ್ಟುವಾಗ ಏನೋ ಹೇಳ್ತಾರಂತಲ್ಲ," ಎಂದಳು ಮಾರೊಟ್, ತಿಬೋನ ಕಡೆ ತಿರುಗದೆ.

ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಕೇಳಿದ ಮಾತು. ತಿಬೋ ಹೇಳಿದ: "ರಾಜ ಮುಟ್ಟುತ್ತಾನೆ, ದೇವರು ವಾಸಿಮಾಡುತ್ತಾನೆ." ಅವನ ಗಂಟಲಿನಿಂದ ಬಂದದ್ದು ಸತ್ತವನ ದನಿ, ದಣಿದದ್ದು, ಸ್ವಲ್ಪ ಮೂಗಿನದು. ಹೊರಗೆ ಆ ದನಿ ಕೇಳಿ ರೆನೋ ಶಿಲುಬೆಯ ಗುರುತು ಮಾಡಿಕೊಂಡ.

ಮಗು ಕೊರಳನ್ನು ಆ ಅಂಗೈಯಲ್ಲೇ ಇಟ್ಟುಕೊಂಡು ನಿದ್ದೆಹೋಯಿತು. ಬೇಸಿಗೆಯ ಮಧ್ಯಾಹ್ನ. ಬಣ್ಣದ ಗಾಜಿನಿಂದ ಇಳಿದ ಕೆಂಪು ಬೆಳಕು ರಾಜನ ಮೊಣಕಾಲು ದಾಟಿ ಮಗುವಿನ ಕೂದಲಿಗೆ ಬಂತು. ಯಾರೂ ಎಬ್ಬಿಸಲಿಲ್ಲ.

"ತಾಯಿ, ನಿಮಗೆ ಗೊತ್ತಿದೆ ಅಲ್ವಾ, ಇದು..."

"ಗೊತ್ತು, ಅಣ್ಣ. ನಮ್ಮೆಜಮಾನ್ರು ನದೀಲಿ ಮುಳುಗಿ ಹೋದ್ಮೇಲೆ ನಾನೂ ದಿನಾ ಅವರ ತಟ್ಟೆ ಇಡ್ತಿದ್ದೆ. ನೀವು ಬಗ್ತೀರಂತೆ, ನಾನು ಬಗ್ತಿರಲಿಲ್ಲ, ಅಷ್ಟೆ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಹೋದಳು.

ಸಂಜೆಯ ಊಟಕ್ಕೆ ದೊರೆಗಳು ಬಂದು ಸಾಲಾಗಿ ನಿಂತರು. ತಿಬೋ ಬೆಳ್ಳಿಯ ಬೋಗುಣಿ ಹಿಡಿದು ರಾಜನ ಕೈಮೇಲೆ ನೀರು ಹೊಯ್ದ. ನೀರು ಹರಿದುಹೋಗಲಿಲ್ಲ. ಜ್ವರದ ಕೊರಳು ಒತ್ತಿದ್ದ ಕಡೆ ಮೇಣ ಮೆತ್ತಗಾಗಿ, ಅಂಗೈಯಲ್ಲಿ ಅಕ್ರೋಟಿನಷ್ಟು ಗುಳಿ ಬಿದ್ದಿತ್ತು. ನೀರು ಅದರಲ್ಲಿ ನಿಂತು, ದೀಪದ ಬೆಳಕಿನಲ್ಲಿ ಅಲುಗುತ್ತಿತ್ತು. ತಿಬೋ ಒರೆಸಲಿಲ್ಲ.