ಅಭ್ಯಾಸಕ್ಕೆ ಸಿಕ್ಕ ತಲೆ

ಗುರುಮೂರ್ತಿ ಕಣ್ಣು ಮುಚ್ಚಿ ಮಲಗಿದ. ನಿದ್ದೆ ಮಾಡುವ ಉದ್ದೇಶ ಮಾತ್ರ ಅವನಿಗಿರಲಿಲ್ಲ.

ತಲೆಯ ತುಂಬ ತಂತಿಗಳು. ಹಣೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ಅಂಟುಪಟ್ಟಿ. ಎದೆಗೊಂದು, ಹೊಟ್ಟೆಗೊಂದು ಬೆಲ್ಟು. ಎಲ್ಲವನ್ನೂ ಕಟ್ಟಿದವಳು ಹೆಂಡತಿ ಮಂಜುಶ್ರೀ. ಅರಸೀಕೆರೆಯ ಈ ಖಾಸಗಿ ಆಸ್ಪತ್ರೆಯಲ್ಲಿ ಅವಳು ನಿದ್ದೆಯ ಪರೀಕ್ಷೆ ಮಾಡುವ ಟೆಕ್ನೀಷಿಯನ್ ಕೆಲಸ ಕಲಿಯುತ್ತಿದ್ದಳು. ಅಭ್ಯಾಸಕ್ಕೆ ನಿಮ್ಮ ತಲೆ ಕೊಡಿ ಎಂದು ಅವಳೇ ಕೇಳಿದ್ದಳು. ಬೇರೆ ಗಂಡಸಿನ ತಲೆ ಮುಟ್ಟುವುದಕ್ಕಿಂತ ಇದೇ ವಾಸಿ ಎಂದು ಅವನು ಒಪ್ಪಿದ್ದ. ಅದು ಹೇಳಿಕೊಳ್ಳಲು ಇದ್ದ ಕಾರಣ. ನಿಜವಾದ ಕಾರಣ ಸ್ವಲ್ಪ ಮುಂಚೆ ಬಾಗಿಲ ಬಳಿ ನಿಂತಿತ್ತು, ಇಸ್ತ್ರಿ ಮುರಿಯದ ಅಂಗಿ ತೊಟ್ಟು.

"ಆರಾಮಾಗಿ ಮಲ್ಕೊಳ್ಳಿ ಸರ್," ಎಂದಿದ್ದ ಅವಳಿಗೆ ಕಲಿಸುವ ಶರತ್‌ಚಂದ್ರ. "ನಿಮ್ಮ ಮನೆಯವರ ಕೈ ತುಂಬ ಹಗುರ. ಅಂಟಿಸಿದ್ದೇ ಗೊತ್ತಾಗಲ್ಲ."

ಹಗುರವೋ ಭಾರವೋ, ಇವನಿಗೆ ಹೇಗೆ ಗೊತ್ತು?

ಆ ಉರಿ ಇನ್ನೂ ಆರಿರಲಿಲ್ಲ. ಗುರುಮೂರ್ತಿಗೆ ಸ್ವಂತ ಕಾರಿತ್ತು. ಬೆಳಗಿನ ಜಾವದ ರೈಲಿಗೆ ಬರುವ ಪ್ರವಾಸಿಗರನ್ನು ಬೇಲೂರು, ಹಳೇಬೀಡು ಸುತ್ತಿಸುವುದು ಅವನ ಕಸುಬು. ಅವನು ಬಾಣಾವರದ ಮನೆಗೆ ಬಂದು ಮಧ್ಯಾಹ್ನ ಮಲಗುವ ಹೊತ್ತಿಗೆ ಅವಳು ಇಲ್ಲಿರುತ್ತಿದ್ದಳು, ಆ ಅಂಗಿಯ ಪಕ್ಕ. ಸಂಜೆ ಬಂದರೆ ಬರೀ 'ಸಾರ್ ಹಿಂಗಂದ್ರು, ಸಾರ್ ಹಂಗಂದ್ರು.'

"ಕಂಡೋರ ಮನೆ ಗಂಡಸ್ರು ಮಲಗೋದ್ನ ಕಣ್ಣು ಬಿಟ್ಕೊಂಡು ನೋಡೋದೂ ಒಂದು ಕೆಲ್ಸವೇನ್ಲಾ?" ಎಂದು ತಾಯಿ ಭಾಗಮ್ಮ ದಿನವೂ ಚುಚ್ಚುತ್ತಿದ್ದಳು. "ಸಾರು ಸಾರು ಅಂತಾಳೆ, ಮನೇಲಿ ಸಾರು ಮಾಡೋದೇ ಮರ್ತವ್ಳೆ."

ಒಮ್ಮೆ ಅವಳ ಫೋನನ್ನೂ ಕದ್ದು ನೋಡಿದ್ದ. ಶರತ್‌ಚಂದ್ರ ಕಳಿಸಿದ್ದೆಲ್ಲ ಅಂಕುಡೊಂಕು ಗೆರೆಗಳ ಚಿತ್ರ. ಒಂದಕ್ಷರವೂ ಅರ್ಥವಾಗದೆ ಅನುಮಾನ ಇಮ್ಮಡಿಯಾಗಿತ್ತು.

ತರಬೇತಿ ಬಿಟ್ಟುಬಿಡು ಎಂದು ಹೋದ ವಾರ ಹೇಳಿಯೂ ಆಗಿತ್ತು. ಅವಳು ಜಗಳವಾಡಲಿಲ್ಲ. "ಬಿಡಿಸ್ಬೇಡಿ ಕಣ್ರೀ. ಇದೊಂದು ನನಗೆ ಬೇಕು," ಎಂದಳು, ಅಷ್ಟೇ. ಆ ಅಷ್ಟೇ ಎನ್ನುವುದೇ ಅವನನ್ನು ಇನ್ನಷ್ಟು ಕಾಡಿತು. ಇವತ್ತು ಒಂದು ಪಿಸುಮಾತು, ಒಂದು ನಗು ಕಿವಿಗೆ ಬಿದ್ದರೂ ಸಾಕು. ನಾಳೆಯಿಂದ ಅವಳು ಈ ಮೆಟ್ಟಿಲು ಹತ್ತುವುದಿಲ್ಲ.

ಪಕ್ಕದ ಕೋಣೆಯಿಂದ ಸ್ಪೀಕರಿನಲ್ಲಿ ಅವಳ ದನಿ ಬಂತು. "ಕಣ್ಣು ಎಡಕ್ಕೆ ಹೊರಳ್ಸಿ. ಬಲಕ್ಕೆ. ಹಲ್ಲು ಕಚ್ಚಿ. ಬಿಡಿ. ಗೆರೆ ಸರಿಯಾಗಿ ಬರ್ತಾ ಐತೆ. ಇನ್ನು ಮಲ್ಕೊಳ್ಳಿ."

ದೀಪ ಆರಿತು. ಅವನು ಉಸಿರನ್ನು ನಿಧಾನ ಮಾಡಿದ. ನಡುನಡುವೆ ಒಂದೊಂದು ಸಣ್ಣ ಗೊರಕೆ ಸೇರಿಸಿದ. ಶಾಲೆ ತಪ್ಪಿಸಲು ಚಿಕ್ಕಂದಿನಲ್ಲಿ ಕಲಿತ ವಿದ್ಯೆ. ಅವ್ವನೂ ಮೋಸಹೋಗುತ್ತಿದ್ದಳು.

ಸ್ವಲ್ಪ ಹೊತ್ತಾಯಿತು. ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದು. ಮೈಕ್ ಆರಿಸುವುದನ್ನು ಮರೆತಿದ್ದಾಳೆ! ಗುರುಮೂರ್ತಿ ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದ.

"ಮಲಗಿದ್ರು ಸಾರ್," ಎಂದಳು ಮಂಜುಶ್ರೀ.

ಅತ್ತ ಏನು ಉತ್ತರ ಬಂತೋ ಕೇಳಿಸಲಿಲ್ಲ. ಮೆಲ್ಲಗೆ ಮಾತಾಡುವ ಕಳ್ಳ.

"ಇಲ್ಲ ಸಾರ್. ನೀವು ಹಂಗೆಲ್ಲ ಕೇಳ್ಬಾರ್ದು."

ಗುರುಮೂರ್ತಿ ಹಲ್ಲು ಕಚ್ಚಿದ. ತಂತಿಗಳ ಸಮೇತ ಎದ್ದು ಆ ಕೋಣೆಗೆ ನುಗ್ಗಬೇಕೆನಿಸಿತು. ಇರಲಿ, ಇನ್ನೊಂದು ಮಾತು ಬರಲಿ.

"ಹಾಸನದ ಆಸ್ಪತ್ರೆ ಕೆಲಸ ಎಷ್ಟೇ ದೊಡ್ಡದಾಗಿರ್ಲಿ ಸಾರ್," ಎಂದಳು ತಡೆದು. "ನಮ್ಮನೆಯವ್ರು ಬೇಡ ಅಂದ್ರೆ ನಾನು ಹೋಗಲ್ಲ."

ಅವನ ದವಡೆ ತಾನಾಗಿಯೇ ಸಡಿಲವಾಯಿತು. ಆಮೇಲೆಯೇ ಅವಳು ಮುಂದುವರಿಸಿದಳು.

"ಅವ್ರನ್ನ ಏನಂದ್ಕೊಂಡಿದೀರಾ? ನಿದ್ದೆಗೆಟ್ಟು ಬೇಲೂರಿಗೆ ಹೋಗಿ ಬಂದು, ಹೆಂಡ್ತಿ ಕಲೀಲಿ ಅಂತ ತಲೆ ಕೊಟ್ಟು ಮಲಗವ್ರೆ. ನಿಮ್ಮನೇಲಿ ನೀವು ಕೊಡ್ತೀರಾ?"

ಹಾಕು ಅವನಿಗೆ, ಎಂದು ಗುರುಮೂರ್ತಿ ಒಳಗೇ ಹಿಗ್ಗಿದ.

"ನಮ್ಮತ್ತೆ ಬಯ್ತಾರೆ. ಬಯ್ಲಿ. ಇವ್ರು ನನ್ನ ನಂಬ್ತಾರಲ್ಲ, ಅಷ್ಟು ಸಾಕು."

ಮುಚ್ಚಿದ ಕಣ್ಣಿನಡಿ ತೇವ ಬಂತು. ನಂಬಿರಲಿಲ್ಲವಲ್ಲ ಎಂಬ ನಾಚಿಕೆ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಯಿತು. ಆಮೇಲೆ ಅವಳೇನು ಅಂದಳೋ ಅವನಿಗೆ ತಿಳಿಯಲಿಲ್ಲ.

ಎಚ್ಚರವಾದಾಗ ಅವಳು ಒದ್ದೆ ಹತ್ತಿಯಿಂದ ಹಣೆಯ ಅಂಟು ಒರೆಸುತ್ತಿದ್ದಳು.

"ನಿದ್ದೆ ಬಂತಾ?"

"ತಲೆ ಇಟ್ಟಿದ್ದಷ್ಟೇ ಗೊತ್ತು ಕಣೇ," ಎಂದ ಗುರುಮೂರ್ತಿ. ಎದ್ದು ಕೂತು, ಏನೂ ಅರಿಯದವನಂತೆ ಕೇಳಿದ. "ಇದು ಮುಗಿದ್ಮೇಲೆ ಕೆಲಸ ಎಲ್ಲಾದ್ರೂ ಐತಾ? ಹಾಸನದ ಕಡೆ?"

"ಐತೆ. ಆದ್ರೆ ನಿಮ್ಗೆ..."

"ನನಗೇನು? ಸೇರ್ಕೋ. ಮೊದಲ್ನೇ ದಿನ ನಾನೇ ಕಾರಲ್ಲಿ ಬಿಟ್ಟು ಬತ್ತೀನಿ."

"ಅತ್ತೆ ಒಪ್ಪಲ್ಲ. ಇನ್ನೊಂದ್ಸಲ ಯೋಚ್ನೆ ಮಾಡಿ ರೀ."

"ಅವ್ವಂಗೆ ನಾನು ಹೇಳ್ತೀನಿ. ನೀನು ಸುಮ್ನಿರು," ಎಂದು ಗದರಿ, ಅಂಟಿಗೆ ನೆಟ್ಟಗೆ ನಿಂತಿದ್ದ ಕೂದಲನ್ನು ಒತ್ತಿಕೊಳ್ಳುತ್ತ ಕಾರು ತೆಗೆಯಲು ಹೋದ.

ಹಾಸಿಗೆಯ ಬಟ್ಟೆ ಬದಲಿಸಲು ಆಯಾ ವಿಶಾಲಮ್ಮ ಬಂದಳು. "ಅಲ್ಲ ಕಣೇ ಮಂಜು, ನಿನ್ನ ಗಂಡನ್ನ ಮಾತಾಡ್ಸಿ ಸಾರು ಹಂಗೇ ಬಸ್ಸಿಗೆ ಹೊಂಟೋದ್ರಲ್ಲ. ಆಮೇಲೆ ಒಬ್ಳೇ ಕೂತ್ಕೊಂಡು ಯಾರ್ ಜೊತೆ ಮಾತಾಡ್ತಿದ್ದೆ?"

ಮಂಜುಶ್ರೀ ಪರದೆಯ ಮುಂದೆ ಕೂತು ಗೆರೆಗಳನ್ನು ಹಿಂದಕ್ಕೆ ಸರಿಸಿದಳು. ಎಚ್ಚರದ ಗೆರೆಗಳು ಮುಗಿದು ನಿದ್ದೆಯ ಗೆರೆಗಳು ಶುರುವಾಗುವ ಜಾಗದಲ್ಲಿ ಬೆರಳಿಟ್ಟಳು.

"ನಮ್ಮನೆಯವ್ರ ಜೊತೆ, ವಿಶಾಲಮ್ಮ. ಇಲ್ಲಿ ನಿಜವಾಗ್ಲೂ ನಿದ್ದೆ ಬಂತಲ್ಲ, ಆಮೇಲೆ ನಿಲ್ಲಿಸ್ದೆ."